ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ಮತ್ತು ಚಲನೆಯ ಜಮಾ-ಖರ್ಚು

1977ರ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್-1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ಸೂರ್ಯನಿಂದ ದೂರ ಸರಿಯುತ್ತಲೇ ಇದೆ. ಅಂದರೆ ದಿನಕ್ಕೆ ಹದಿನಾಲ್ಕು ಲಕ್ಷ ಕಿಲೋಮೀಟರಿಗೂ ಹೆಚ್ಚು. ಅದನ್ನು ಮೇಲಕ್ಕೊಯ್ದ ರಾಕೆಟ್ ತನ್ನ ಕೆಲಸ ಮುಗಿಸಿ ದಶಕಗಳೇ ಕಳೆದಿವೆ. ಮುಂದಕ್ಕೆ ತಳ್ಳುವ ಎಂಜಿನ್ ಯಾವುದೂ ಈಗ ಓಡುತ್ತಿಲ್ಲ. ನೌಕೆಯಲ್ಲಿರುವ ಪುಟ್ಟ ಥ್ರಸ್ಟರುಗಳು ಆಂಟೆನಾದ ಮುಖವನ್ನು ಭೂಮಿಯ ಕಡೆಗೆ ಹಿಡಿದಿಡುವುದಕ್ಕಷ್ಟೇ.

ರಾಕೆಟ್ ಉಡಾವಣೆಯನ್ನು ಮೊಬೈಲಿನಲ್ಲೇ ನೇರವಾಗಿ ನೋಡುವ ಕಾಲ ಬಂದ ಮೇಲೆ ಇಂಥ ಪ್ರಶ್ನೆಗಳು ಮನೆಯೊಳಗೇ ಏಳುತ್ತಿವೆ. “ಎಂಜಿನ್ ನಿಲ್ಲಿಸಲಾಗಿದೆ, ನೌಕೆ ಮುಂದುವರಿದಿದೆ” ಎಂದು ವಿವರಣೆ ಕೊಡುವವರು ಸಲೀಸಾಗಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಎಂಜಿನ್ ನಿಂತ ಗಾಡಿ ಮುಂದುವರಿಯುವುದು ಹೇಗೆ? ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒದ್ದು ಮುಂದೆ ಹಾರುತ್ತದೆ? ಚಲನೆಯ ಮೂರು ನಿಯಮಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆದವರೂ ಇಲ್ಲಿ ತಡವರಿಸುತ್ತಾರೆ.

ಆ ನಿಯಮಗಳನ್ನು ಬರೆದವನು ಕಾಲೇಜಿಗೆ ಸೇರಿದಾಗ ಇತರರ ಚಾಕರಿ ಮಾಡಿ ಓದಬೇಕಾಗಿದ್ದ ಹುಡುಗ. ಕಾಸು ಕಾಸಿಗೂ ಲೆಕ್ಕ ಬರೆದಿಡುವ ಸ್ವಭಾವದವನು. ಅವನ ನಿಯಮಗಳನ್ನೂ ಒಂದು ಬಗೆಯ ಲೆಕ್ಕದ ಪುಸ್ತಕವೆಂದು ಓದಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ ಎಂಬುದು ನನ್ನ ಅನುಭವ.

ಸೈಜರ್ ಎಂದರೆ ಯಾರು?

ಐಸಾಕ್ ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಲಿಂಕನ್‌ಶೈರಿನ ವುಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಆಗ ಅಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ 1642ರ ಡಿಸೆಂಬರ್ 25ರಂದು. ಇಂದಿನ ಪಂಚಾಂಗದಲ್ಲಿ ಅದು 1643ರ ಜನವರಿ 4. ಮಗು ಹುಟ್ಟುವ ಮೂರು ತಿಂಗಳ ಮೊದಲೇ ತಂದೆ ತೀರಿಕೊಂಡಿದ್ದ. ಮೂರು ವರ್ಷವಾದಾಗ ತಾಯಿ ಹ್ಯಾನಾ ಪಕ್ಕದ ಊರಿನ ಪಾದ್ರಿಯನ್ನು ಮದುವೆಯಾಗಿ ಹೊರಟುಹೋದಳು. ಹುಡುಗ ಅಜ್ಜಿಯ ಬಳಿ ಉಳಿದ.

ಹದಿನೇಳರ ಹೊತ್ತಿಗೆ, ಎರಡನೆಯ ಸಲ ವಿಧವೆಯಾಗಿ ಮನೆಗೆ ಮರಳಿದ್ದ ತಾಯಿ ಅವನನ್ನು ಶಾಲೆ ಬಿಡಿಸಿ ಹೊಲ ನೋಡಿಕೊಳ್ಳಲು ಹಚ್ಚಿದಳು. ಅದರಲ್ಲಿ ಅವನು ಎಷ್ಟು ನಿಷ್ಣಾತನಾಗಿದ್ದ ಎಂಬುದಕ್ಕೆ ಊರಿನ ನ್ಯಾಯಪೀಠದ ಕಡತವೇ ಸಾಕ್ಷಿ: ಕುರಿಗಳನ್ನು ಕಂಡವರ ಹೊಲಕ್ಕೆ ನುಗ್ಗಲು ಬಿಟ್ಟದ್ದಕ್ಕೆ 1659ರ ಅಕ್ಟೋಬರಿನಲ್ಲಿ ದಂಡ. ಹಂದಿಗಳ ವಿಷಯದಲ್ಲೂ, ಬೇಲಿಯನ್ನು ಹಾಳುಬಿಟ್ಟದ್ದಕ್ಕೂ ಬೇರೆ ದಂಡ. ಕೊನೆಗೆ ಸೋದರಮಾವ ಮತ್ತು ಗ್ರ್ಯಾಂಥಮ್ ಶಾಲೆಯ ಮೇಷ್ಟ್ರು ಹೆನ್ರಿ ಸ್ಟೋಕ್ಸ್ ಸೇರಿ ತಾಯಿಯನ್ನು ಒಪ್ಪಿಸಿ ಅವನನ್ನು ಮತ್ತೆ ಓದಿಗೆ ಹಚ್ಚಿದರು. ಹೊರಗಿನ ಊರಿನ ಹುಡುಗರು ಕೊಡಬೇಕಾಗಿದ್ದ ನಲವತ್ತು ಶಿಲ್ಲಿಂಗ್ ಶುಲ್ಕವನ್ನು ಮೇಷ್ಟ್ರು ಬಿಟ್ಟುಕೊಡಲು ಸಿದ್ಧನಾದ.

1661ರ ಜೂನ್ ಮೊದಲ ವಾರ ಹುಡುಗ ಕೇಂಬ್ರಿಜ್‌ಗೆ ಹೊರಟ. ಆ ಪ್ರಯಾಣದ ಖರ್ಚನ್ನು ಅವನೇ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಸೂಸ್ಟರ್ನ್ ಎಂಬಲ್ಲಿ ಇಷ್ಟು, ಸ್ಟಿಲ್ಟನ್‌ನಲ್ಲಿ ಇಷ್ಟು, ಕೇಂಬ್ರಿಜ್ ತಲುಪಿ ‘ವೈಟ್ ಲಯನ್’ ಎಂಬ ವಸತಿಗೃಹದಲ್ಲಿ ಇಷ್ಟು, ಅಲ್ಲಿಂದ ಕಾಲೇಜಿಗೆ ಗಾಡಿ ಬಾಡಿಗೆ ಇಷ್ಟು. ಬಳಿಕ ಕೋಣೆಗೆ ಬೇಕಾದ ಸಾಮಾನು: ಮೇಜಿಗೊಂದು ಬೀಗ, ಒಂದು ಶೀಸೆ, ಅದರ ತುಂಬ ಶಾಯಿ, ಬರೆಯಲೊಂದು ಪುಸ್ತಕ, ಒಂದು ಪೌಂಡ್ ಮೇಣದ ಬತ್ತಿ, ರಾತ್ರಿ ಮೂತ್ರಕ್ಕೆ ಒಂದು ಪಾತ್ರೆ. ಜೂನ್ 5ರಂದು ಟ್ರಿನಿಟಿ ಕಾಲೇಜಿನ ದಾಖಲೆಯಲ್ಲಿ ಅವನ ಹೆಸರು ‘ಸಬ್‌ಸೈಜರ್’ ಎಂದು ಸೇರಿತು.

ಸೈಜರ್, ಸಬ್‌ಸೈಜರ್ ಎಂದರೆ ಶುಲ್ಕದಲ್ಲಿ ರಿಯಾಯಿತಿ ಪಡೆದು, ಅದಕ್ಕೆ ಬದಲಾಗಿ ಕಾಲೇಜಿನ ಫೆಲೋಗಳಿಗೂ (ಹಿರಿಯ ವಿದ್ವಾಂಸರಿಗೂ) ಹಣವಂತ ವಿದ್ಯಾರ್ಥಿಗಳಿಗೂ ಸೇವೆ ಮಾಡುವವರು. ಬೆಳಗ್ಗೆ ಎಬ್ಬಿಸುವುದು, ಅಡುಗೆಮನೆಯಿಂದ ಊಟ ತಂದು ಬಡಿಸುವುದು, ಬೂಟು ಒರೆಸುವುದು, ಮೂತ್ರಪಾತ್ರೆ ಚೆಲ್ಲಿ ಬರುವುದು. ಮೇಲಿನವರು ಉಂಡು ಉಳಿದದ್ದು ಇವರ ಪಾಲಿಗೆ. ವಾರಾನ್ನದ ಹುಡುಗರ ಕಥೆ ಕೇಳಿ ಬೆಳೆದ ನಮ್ಮವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ವಿಚಿತ್ರವೆಂದರೆ ತಾಯಿ ಬಡವಳೇನೂ ಅಲ್ಲ. ಎರಡನೆಯ ಗಂಡನ ಆಸ್ತಿಯೂ ಸೇರಿ ಒಳ್ಳೆಯ ಅನುಕೂಲವಂತಳೇ. ಮಗನ ಓದಿಗೆ ಕೈ ಬಿಗಿ ಹಿಡಿದಳು, ಅಷ್ಟೇ. ಹೀಗಿದ್ದರೂ ಹುಡುಗ ತನ್ನಲ್ಲಿದ್ದ ಚೂರುಪಾರನ್ನೇ ಸಹಪಾಠಿಗಳಿಗೆ ಸಾಲ ಕೊಡುತ್ತಿದ್ದ. ಯಾರಿಗೆ ಎಷ್ಟು ಎಂದು ಬರೆದು, ಹಣ ಮರಳಿದ ಮೇಲೆ ಪಕ್ಕದಲ್ಲಿ ಕಾಟು ಹಾಕುತ್ತಿದ್ದ.

ಬಾಣವನ್ನು ತಳ್ಳುವುದು ಯಾರು?

ಕಾಲೇಜಿನಲ್ಲಿ ಆಗಲೂ ಕಲಿಸುತ್ತಿದ್ದುದು ಮುಖ್ಯವಾಗಿ ಅರಿಸ್ಟಾಟಲನ ವಿಚಾರಗಳನ್ನು. ಎರಡು ಸಾವಿರ ವರ್ಷ ಹಳೆಯ ಆ ಪಾಠದ ಪ್ರಕಾರ, ಭೂಮಿಯ ಮೇಲಿನ ವಸ್ತುವೊಂದು ತನ್ನ ಸಹಜ ಸ್ಥಾನದ ಕಡೆಗಲ್ಲದೆ ಬೇರೆಡೆಗೆ ಚಲಿಸುತ್ತಿರಬೇಕಾದರೆ ಅದನ್ನು ಯಾರಾದರೂ ತಳ್ಳುತ್ತಲೇ ಇರಬೇಕು. ತಳ್ಳುವುದು ನಿಂತರೆ ಚಲನೆಯೂ ನಿಲ್ಲಬೇಕು.

ಇದನ್ನು ಕೇಳಿ ನಗಬೇಡಿ. ನಮ್ಮ ದಿನನಿತ್ಯದ ಅನುಭವ ಹೇಳುವುದೂ ಇದನ್ನೇ. ಕಪಾಟನ್ನು ತಳ್ಳುವುದು ಬಿಟ್ಟರೆ ಅದು ನಿಲ್ಲುತ್ತದೆ. ಪೆಡಲ್ ತುಳಿಯುವುದು ಬಿಟ್ಟರೆ ಸೈಕಲ್ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಆದರೆ ಬಾಣ? ಬಿಲ್ಲಿನಿಂದ ಹೊರಟ ಮೇಲೂ ಅದು ಹಾರುತ್ತಲೇ ಇರುತ್ತದಲ್ಲ, ಆಗ ತಳ್ಳುವವರು ಯಾರು? ಹಳೆಯ ಪಾಠದಲ್ಲಿ ಇದಕ್ಕಿದ್ದ ಉತ್ತರ: ಗಾಳಿ. ಬಾಣ ಸೀಳಿದ ಗಾಳಿಯೇ ಹಿಂದಕ್ಕೆ ಸುತ್ತಿ ಬಂದು ಅದನ್ನು ಮುಂದೂಡುತ್ತದೆ ಎಂಬ ವಾದ.

ಸುಮಾರು 1664ರಲ್ಲಿ ನ್ಯೂಟನ್ ತನ್ನ ನೋಟ್‌ಬುಕ್ಕಿನಲ್ಲಿ ತಾನೇ ಪ್ರಶ್ನೆಗಳ ಒಂದು ಪಟ್ಟಿ ಶುರುಮಾಡಿದ. ಪ್ಲೇಟೋ ಮಿತ್ರ, ಅರಿಸ್ಟಾಟಲ್ ಮಿತ್ರ, ಸತ್ಯ ಅವರಿಗಿಂತ ದೊಡ್ಡ ಮಿತ್ರ ಎಂಬ ಅರ್ಥದ ಲ್ಯಾಟಿನ್ ಸಾಲು ಅದರ ತಲೆಬರಹದ ಮೇಲಿದೆ. ಎಸೆದ ವಸ್ತುವಿನ ಚಲನೆಯ ಬಗ್ಗೆಯೂ ಅಲ್ಲೊಂದು ಟಿಪ್ಪಣಿಯುಂಟು. ಗಾಳಿಯೇ ತಳ್ಳುತ್ತದೆ ಎಂಬ ಮಾತನ್ನು ಅಲ್ಲಿ ಅವನು ಒಪ್ಪುವುದಿಲ್ಲ. ಅಡ್ಡಗಟ್ಟುವುದೂ ಗಾಳಿ, ತಳ್ಳುವುದೂ ಗಾಳಿ ಎಂದರೆ ಹೊಂದುವುದು ಹೇಗೆ?

ಇಲ್ಲಿ ಅವನು ಒಬ್ಬಂಟಿಯಲ್ಲ. ಇಟಲಿಯ ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ ಈ ದಾರಿಯನ್ನು ಬಹಳ ಮಟ್ಟಿಗೆ ಸವೆಸಿದ್ದ. ಒಂದು ಇಳಿಜಾರಿನಿಂದ ಬಿಟ್ಟ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಹತ್ತುತ್ತದೆ. ಏರನ್ನು ತಗ್ಗಿಸುತ್ತ ಹೋದರೆ ಅದೇ ಎತ್ತರ ಮುಟ್ಟಲು ಇನ್ನೂ ದೂರ ಉರುಳಬೇಕಾಗುತ್ತದೆ. ಏರೇ ಇಲ್ಲದೆ ಮಟ್ಟಸವಾದರೆ? ನಿಲ್ಲಲು ಕಾರಣವೇ ಇಲ್ಲ. ಫ್ರಾನ್ಸಿನ ದೆಕಾರ್ತ್ 1644ರಲ್ಲಿ ಇದಕ್ಕೆ ‘ನೇರ ಗೆರೆಯಲ್ಲಿ’ ಎಂಬ ಮುಖ್ಯ ಮಾತನ್ನು ಸೇರಿಸಿದ. ನ್ಯೂಟನ್ ಈ ಹೊಸ ಪುಸ್ತಕಗಳನ್ನು ತಾನೇ ಹುಡುಕಿ ಓದಿದ.

ಮೊದಲ ನಿಯಮ: ಖಾತೆ ತಾನಾಗಿ ಬದಲಾಗದು

ಮೊದಲ ನಿಯಮದ ತಿರುಳು ಇಷ್ಟು: ನಿಂತ ವಸ್ತು ನಿಂತೇ ಇರುತ್ತದೆ. ಚಲಿಸುವ ವಸ್ತು ಅದೇ ವೇಗದಲ್ಲಿ, ಅದೇ ದಿಕ್ಕಿಗೆ, ನೇರ ಗೆರೆಯಲ್ಲಿ ಚಲಿಸುತ್ತಲೇ ಇರುತ್ತದೆ. ಹೊರಗಿನ ಬಲವೊಂದು ಬಂದು ಬದಲಾಯಿಸುವವರೆಗೆ ಇದು ಹೀಗೆಯೇ.

‘ಬಲ’ ಎಂದರೆ ತಳ್ಳುವಿಕೆ ಅಥವಾ ಎಳೆತ. ಇದ್ದ ಸ್ಥಿತಿಯಲ್ಲೇ ಇರುವ ವಸ್ತುವಿನ ಗುಣಕ್ಕೆ ‘ಜಡತ್ವ’ ಎಂದು ಹೆಸರು. ಕನ್ನಡದಲ್ಲಿ ‘ಜಡ’ ಎಂದರೆ ಅಲುಗಾಡದ್ದು, ಸೋಮಾರಿ ಎಂಬ ಧ್ವನಿ ಇರುವುದರಿಂದ ಈ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಓಡುತ್ತಿರುವ ವಸ್ತು ಓಡುತ್ತಲೇ ಇರುವುದೂ ಜಡತ್ವವೇ. ಹಠ ಎಂದಿದ್ದರೆ ಇನ್ನೂ ಚೆನ್ನಾಗಿತ್ತೇನೋ.

ಈ ನಿಯಮದ ದೊಡ್ಡತನ ಉತ್ತರದಲ್ಲಿಲ್ಲ, ಪ್ರಶ್ನೆಯನ್ನು ತಿರುಗಿಸಿದ್ದರಲ್ಲಿದೆ. “ಇದು ಯಾಕೆ ಚಲಿಸುತ್ತಿದೆ?” ಎಂದು ಹಳಬರು ಕೇಳುತ್ತಿದ್ದರು. ಹಾಗೆ ಕೇಳಬೇಕಾಗಿಯೇ ಇಲ್ಲ. “ಇದರ ಚಲನೆ ಯಾಕೆ ಬದಲಾಯಿತು?” ಎಂದು ಕೇಳಬೇಕು. ಖಾತೆಯಲ್ಲಿ ನೂರು ಇದ್ದರೆ ನಾಳೆಯೂ ನೂರೇ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ತೊಂಬತ್ತಾದರೆ ಮಾತ್ರ ಖರ್ಚಿನ ಚೀಟಿ ಎಲ್ಲಿ ಎಂದು ಹುಡುಕಬೇಕು.

ಹಾಗಾದರೆ ಸೈಕಲ್ ಯಾಕೆ ನಿಲ್ಲುತ್ತದೆ? ಚೀಟಿ ಇದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ರಸ್ತೆ ಟೈರನ್ನು ಉಜ್ಜುತ್ತದೆ, ಬೇರಿಂಗುಗಳು ಒಳಗೆ ಉಜ್ಜುತ್ತವೆ, ಗಾಳಿ ಎದುರಿನಿಂದ ತಡೆಯುತ್ತದೆ. ಈ ಉಜ್ಜಾಟದ ಹೆಸರು ‘ಘರ್ಷಣೆ’. ಕೇರಂ ಹಲಗೆಯ ಮೇಲೆ ಪೌಡರ್ ಉದುರಿಸಿದರೆ ಕಾಯಿ ದೂರ ಜಾರುತ್ತದೆಯಲ್ಲ? ಪೌಡರ್ ಕಾಯಿಯನ್ನು ತಳ್ಳಲಿಲ್ಲ, ಖರ್ಚನ್ನು ಕಡಿಮೆ ಮಾಡಿತು. ವಾಯೇಜರ್ ಇರುವ ಕಡೆ ಉಜ್ಜಲು ಹೆಚ್ಚುಕಡಿಮೆ ಏನೂ ಇಲ್ಲ. ಸೂರ್ಯನ ಸೆಳೆತವೊಂದು ಹಿಂದಿನಿಂದ ಅತ್ಯಲ್ಪವಾಗಿ ಎಳೆಯುತ್ತಿದೆ. ಹಾಗಾಗಿ ಅದು ಹೋಗುತ್ತಿರುವುದು ಆಶ್ಚರ್ಯವಲ್ಲ, ನಿಂತಿದ್ದರೆ ಆಶ್ಚರ್ಯ.

ಬಸ್ಸಿನಲ್ಲಿ ನಿಂತಿದ್ದೀರಿ, ಚಾಲಕ ಗಕ್ಕನೆ ಬ್ರೇಕ್ ಹಾಕುತ್ತಾನೆ. “ಬಸ್ ನನ್ನನ್ನು ಮುಂದಕ್ಕೆ ತಳ್ಳಿತು” ಎನ್ನುತ್ತೇವೆ. ಯಾರೂ ತಳ್ಳಲಿಲ್ಲ. ಬಸ್ಸು ನಿಧಾನವಾಯಿತು, ಬಸ್ಸಿನ ನೆಲಕ್ಕೆ ಅಂಟಿದ್ದ ಪಾದವೂ ನಿಧಾನವಾಯಿತು. ಮೇಲಿನ ದೇಹಕ್ಕೆ ಸುದ್ದಿ ತಡವಾಗಿ ಮುಟ್ಟಿತು, ಅದು ಹಳೆಯ ವೇಗದಲ್ಲೇ ಹೋಗುತ್ತಿತ್ತು. ತಿರುವಿನಲ್ಲಿ ಬಾಗಿಲ ಕಡೆಗೆ ವಾಲುವುದೂ ಹೀಗೆಯೇ: ಬಸ್ಸು ತಿರುಗಿತು, ನಾವು ನೇರಕ್ಕೆ ಹೋಗುತ್ತಿದ್ದೆವು. ವೇಗ ಒಂದಿಷ್ಟೂ ಬದಲಾಗದೆ ದಿಕ್ಕು ಮಾತ್ರ ಬದಲಾದರೂ ಅದು ಬದಲಾವಣೆಯೇ, ಅದಕ್ಕೂ ಬಲ ಬೇಕು. ಚಂದ್ರ ಭೂಮಿಯನ್ನು ಸುತ್ತುತ್ತಿರಬೇಕಾದರೆ ಅವನನ್ನು ಯಾರೋ ಎಳೆಯುತ್ತಿರಬೇಕು ಎಂಬ ಯೋಚನೆ ಹೊರಟದ್ದು ಇಲ್ಲಿಂದ.

ಮಲತಂದೆಯ ಖಾಲಿ ಪುಸ್ತಕ

1664ರ ಏಪ್ರಿಲಿನಲ್ಲಿ ನ್ಯೂಟನ್‌ಗೆ ವಿದ್ಯಾರ್ಥಿವೇತನ ಸಿಕ್ಕಿತು. ಊಟದ ಖರ್ಚು ಕಾಲೇಜಿಗೆ ಸೇರಿತು, ಚಾಕರಿ ತಪ್ಪಿತು. ಆದರೂ ಕಾಗದ ಆಗ ದುಬಾರಿ ವಸ್ತು. ಅವನ ಮಲತಂದೆ, ಪಾದ್ರಿ ಬಾರ್ನಬಸ್ ಸ್ಮಿತ್, ಧರ್ಮವಿಚಾರ ಬರೆಯಲೆಂದು ದಪ್ಪನೆಯ ಪುಸ್ತಕವೊಂದನ್ನು ಹೊಲಿಸಿ, ತಲೆಬರಹಗಳನ್ನು ಹಾಕಿ, ಬಹುಪಾಲು ಖಾಲಿ ಬಿಟ್ಟು ಸತ್ತಿದ್ದ. ಚಿಕ್ಕಂದಿನಲ್ಲಿ ಅವನ ಮನೆಗೇ ಬೆಂಕಿ ಹಚ್ಚುವುದಾಗಿ ಬೆದರಿಸಿದ್ದನ್ನು 1662ರಲ್ಲಿ ತನ್ನ ಪಾಪಗಳ ಪಟ್ಟಿಯಲ್ಲಿ ಗುಟ್ಟು ಲಿಪಿಯಲ್ಲಿ ಬರೆದುಕೊಂಡ ಮಗ, ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಎತ್ತಿಕೊಂಡು ಬಂದು ಖಾಲಿ ಹಾಳೆಗಳನ್ನು ತುಂಬಿಸತೊಡಗಿದ. ಅದಕ್ಕೆ ‘ವೇಸ್ಟ್ ಬುಕ್’ ಎಂದು ಹೆಸರಿಟ್ಟ.

ಇದು ಕಸದ ಪುಸ್ತಕವಲ್ಲ. ಆಗಿನ ವ್ಯಾಪಾರಿಗಳ ಭಾಷೆಯಲ್ಲಿ ವೇಸ್ಟ್ ಬುಕ್ ಎಂದರೆ ಕಚ್ಚಾ ಪುಸ್ತಕ. ದಿನದ ವಹಿವಾಟನ್ನು ನಡೆದ ಹಾಗೆಯೇ ಅದರಲ್ಲಿ ಗೀಚಿಟ್ಟುಕೊಂಡು, ಆಮೇಲೆ ಲೆಕ್ಕದ ಪುಸ್ತಕಕ್ಕೆ ಇಳಿಸುತ್ತಿದ್ದರು. 1665ರ ಜನವರಿಯಿಂದ ಮುಂದೆ ಈ ಕಚ್ಚಾ ಪುಸ್ತಕದಲ್ಲಿ ಚಲನೆಯ ವಿಚಾರ ಕಾಣಿಸುತ್ತದೆ. ಒಮ್ಮೆ ಚಲಿಸತೊಡಗಿದ್ದು ಹೊರಗಿನ ಕಾರಣ ಅಡ್ಡಬಾರದ ಹೊರತು ಎಂದಿಗೂ ನಿಲ್ಲದು ಎಂಬ ಅರ್ಥದ ಮಾತು ಅಲ್ಲಿದೆ. ಅವನ ಗಮನವೆಲ್ಲ ಇದ್ದದ್ದು ಡಿಕ್ಕಿಯ ಮೇಲೆ: ಎರಡು ಗುಂಡುಗಳು ಬಡಿದುಕೊಂಡರೆ ಯಾವುದು ಎಷ್ಟು ಚಲನೆಯನ್ನು ಕಳೆದುಕೊಳ್ಳುತ್ತದೆ, ಯಾವುದು ಎಷ್ಟು ಪಡೆಯುತ್ತದೆ?

ಅದೇ ವರ್ಷ ಪ್ಲೇಗ್ ಬಂದು ವಿಶ್ವವಿದ್ಯಾಲಯ ಮುಚ್ಚಿತು. ನಡುವೆ ಕೆಲವು ತಿಂಗಳು ಬಂದುಹೋದದ್ದು ಬಿಟ್ಟರೆ 1667ರ ಏಪ್ರಿಲಿನವರೆಗೆ ಅವನು ವುಲ್ಸ್‌ಥಾರ್ಪ್‌ನಲ್ಲೇ ಇದ್ದ. ಸೇಬಿನ ಕಥೆ ಆ ಕಾಲದ್ದು. ಮರದ ಕೆಳಗೆ ಕೂತಲ್ಲೇ ಎಲ್ಲವೂ ಹೊಳೆದುಬಿಟ್ಟಿತು ಎಂಬುದನ್ನು ಮಾತ್ರ ನಂಬಬೇಡಿ. ಕಚ್ಚಾ ಪುಸ್ತಕದ ಗೀಚುಗಳು ಅಚ್ಚಿನ ನಿಯಮಗಳಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಎರಡನೆಯ ನಿಯಮ: ಎಷ್ಟು ಬಲ, ಎಷ್ಟು ಹೊತ್ತು

ಮೊದಲ ನಿಯಮ ಬಲವಿಲ್ಲದೆ ಬದಲಾವಣೆಯಿಲ್ಲ ಎಂದಿತು. ಎಷ್ಟು ಬಲಕ್ಕೆ ಎಷ್ಟು ಬದಲಾವಣೆ ಎಂದು ಹೇಳುವುದು ಎರಡನೆಯದು. ಇದಕ್ಕೆ ಮೂರು ಪದ ಬೇಕು.

‘ದ್ರವ್ಯರಾಶಿ’ ಎಂದರೆ ವಸ್ತುವಿನಲ್ಲಿ ಎಷ್ಟು ಸರಕಿದೆ ಎಂಬ ಅಳತೆ. ಇದು ತೂಕವಲ್ಲ. ತೂಕ ಎಂದರೆ ಭೂಮಿ ಆ ಸರಕನ್ನು ಎಳೆಯುವ ಬಲ. ಚಂದ್ರನ ಮೇಲೆ ನಿಮ್ಮ ತೂಕ ಇಲ್ಲಿಯ ಆರರಲ್ಲೊಂದು ಪಾಲಾಗುತ್ತದೆ, ದ್ರವ್ಯರಾಶಿ ಒಂದಿಷ್ಟೂ ಇಳಿಯುವುದಿಲ್ಲ. ‘ವೇಗೋತ್ಕರ್ಷ’ ಎಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು. ‘ಸಂವೇಗ’ ಎಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವುದು. ನ್ಯೂಟನ್ ಇದನ್ನೇ ‘ಚಲನೆಯ ಪ್ರಮಾಣ’ ಎನ್ನುತ್ತಿದ್ದ. ನಡಿಗೆಯ ವೇಗದಲ್ಲಿ ಉರುಳಿ ಬರುವ ಲಾರಿಗೂ ಅದೇ ವೇಗದಲ್ಲಿ ಉರುಳಿ ಬರುವ ಚೆಂಡಿಗೂ ಇರುವ ವ್ಯತ್ಯಾಸ ಸಂವೇಗದ್ದು. ಚೆಂಡನ್ನು ಕಾಲಿನಿಂದ ತಡೆಯುತ್ತೀರಿ, ಲಾರಿ ಬಂದರೆ ಪಕ್ಕಕ್ಕೆ ಸರಿಯುತ್ತೀರಿ.

ಎರಡನೆಯ ನಿಯಮ ಹೇಳುವುದು: ಸಂವೇಗದ ಬದಲಾವಣೆ ಹಾಕಿದ ಬಲಕ್ಕೆ ತಕ್ಕಷ್ಟು, ಬಲ ಬಿದ್ದ ದಿಕ್ಕಿಗೇ. ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ಶಾಲೆಯಲ್ಲಿ ಕಲಿಯುವ ಸೂತ್ರವನ್ನು ಆ ರೂಪದಲ್ಲಿ ನ್ಯೂಟನ್ ಬರೆಯಲೇ ಇಲ್ಲ. ಅದು ಮುಂದಿನ ಶತಮಾನದಲ್ಲಿ, ಮುಖ್ಯವಾಗಿ ಗಣಿತಜ್ಞ ಆಯ್ಲರನ ಕೈಯಲ್ಲಿ ಆ ಆಕಾರ ಪಡೆಯಿತು.

ಲೆಕ್ಕವೊಂದನ್ನು ಮಾಡಿಯೇ ನೋಡೋಣ. 60 ಕಿಲೋ ದ್ರವ್ಯರಾಶಿಯ ವ್ಯಕ್ತಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರಿನಲ್ಲಿ ಕುಳಿತಿದ್ದಾನೆ. ಈ ವೇಗ ಸೆಕೆಂಡಿಗೆ ಸುಮಾರು 16.7 ಮೀಟರ್. ಅವನ ಸಂವೇಗ 60 ಗುಣಿಸು 16.7, ಅಂದರೆ ಸುಮಾರು 1,000. ಕಾರು ನಿಲ್ಲಬೇಕಾದರೆ ಈ ಸಾವಿರವೂ ಸೊನ್ನೆಯಾಗಬೇಕು. ಮೆಲ್ಲಗೆ ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸೆಕೆಂಡಿಗೆ 200ರಂತೆ ಕಂತು. ಬಲ 200 ನ್ಯೂಟನ್ (ಬಲದ ಅಳತೆಗೂ ಅವನದೇ ಹೆಸರು), ಇಪ್ಪತ್ತು ಕಿಲೋ ಮೂಟೆಯೊಂದು ಒತ್ತಿದಂತೆ. ತಡೆದುಕೊಳ್ಳಬಹುದು. ಕಾರು ಗೋಡೆಗೆ ಬಡಿದು, ಅವನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಅದೇ ಸಾವಿರ ಒಂದೇ ಏಟಿಗೆ ತೀರಬೇಕು: 10,000 ನ್ಯೂಟನ್. ಒಂದು ಟನ್ ಭಾರ ಎದೆಯ ಮೇಲೆ ಬಿದ್ದ ಹಾಗೆ.

ತೀರಿಸಬೇಕಾದ ಮೊತ್ತ ಎರಡೂ ಕಡೆ ಒಂದೇ, ಕಂತು ಮಾತ್ರ ಬೇರೆ. ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಟ್ ಬೆಲ್ಟ್, ಗಾಳಿಚೀಲ, ಡಿಕ್ಕಿಯಲ್ಲಿ ನಜ್ಜುಗುಜ್ಜಾಗಲೆಂದೇ ಮಾಡಿದ ಕಾರಿನ ಮುಂಭಾಗ, ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರ, ಇವೆಲ್ಲ ಮಾಡುವುದು ಒಂದೇ ಕೆಲಸ. ನಿಲ್ಲುವ ಹೊತ್ತನ್ನು ಒಂದಿಷ್ಟು ಎಳೆದು ಕಂತನ್ನು ಸಣ್ಣದು ಮಾಡುತ್ತವೆ. ಕ್ರಿಕೆಟ್ ಚೆಂಡನ್ನು ಹಿಡಿಯುವವನು ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ. ಹಿಂದಿನ ಸೀಟಿನಲ್ಲಿ ಕೂತವರಿಗೆ ಬೆಲ್ಟ್ ಯಾಕೆ ಎಂದು ಕೇಳುವವರು ಮೊದಲ ನಿಯಮವನ್ನು ನೆನೆಯಬೇಕು. ಕಾರು ನಿಂತರೂ ಅವರು ಗಂಟೆಗೆ 60ರಲ್ಲೇ ಮುಂದಿನ ಸೀಟಿನ ಕಡೆಗೆ ಹೊರಟಿರುತ್ತಾರೆ.

ಮೂರನೆಯ ನಿಯಮ: ಎರಡೂ ಪುಸ್ತಕದಲ್ಲಿ ದಾಖಲೆ

“ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಇದ್ದೇ ಇರುತ್ತದೆ.” ಮೂರರಲ್ಲಿ ಎಲ್ಲರಿಗೂ ಗೊತ್ತಿರುವುದು ಇದೇ, ತಪ್ಪಾಗಿ ಬಳಕೆಯಾಗುವುದೂ ಇದೇ. ರಾಜಕೀಯ ಭಾಷಣದಲ್ಲೂ ಬರುತ್ತದೆ, ಕರ್ಮಫಲದ ಪ್ರವಚನದಲ್ಲೂ ಬರುತ್ತದೆ. ನ್ಯೂಟನ್ ಹೇಳಿದ್ದು ಇಷ್ಟೇ: ಬಲ ಒಂಟಿಯಾಗಿ ಎಲ್ಲೂ ಇರುವುದಿಲ್ಲ. ಒಂದು ವಸ್ತು ಇನ್ನೊಂದನ್ನು ಎಷ್ಟು ಒತ್ತುತ್ತದೆಯೋ, ಆ ಇನ್ನೊಂದು ಅದೇ ಕ್ಷಣದಲ್ಲಿ ಇದನ್ನು ಅಷ್ಟೇ ಒತ್ತುತ್ತದೆ. ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ ಎಂಬ ಸರದಿ ಇಲ್ಲಿಲ್ಲ. ಅವನ ಪುಸ್ತಕದಲ್ಲಿರುವ ಉದಾಹರಣೆಯೇ ಸಾಕು: ಬೆರಳಿನಿಂದ ಕಲ್ಲನ್ನು ಒತ್ತಿದರೆ ಬೆರಳನ್ನೂ ಕಲ್ಲು ಒತ್ತುತ್ತದೆ. ಉಗುರಿನ ಬಣ್ಣ ಬಿಳಿಚುವುದನ್ನು ನೋಡಿಕೊಳ್ಳಿ.

ಲೆಕ್ಕ ಬರೆಯುವವರ ಮಾತಿನಲ್ಲಿ ಹೇಳುವುದಾದರೆ, ನಾನು ನಿಮಗೆ ಹತ್ತು ಕೊಟ್ಟರೆ ನನ್ನ ಪುಸ್ತಕದಲ್ಲಿ ಖರ್ಚು ಹತ್ತು, ನಿಮ್ಮ ಪುಸ್ತಕದಲ್ಲಿ ಜಮಾ ಹತ್ತು. ಒಟ್ಟು ಮೊತ್ತ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಡಿಕ್ಕಿ ಹೊಡೆಯುವ ಎರಡು ಗುಂಡುಗಳ ನಡುವೆ ಸಂವೇಗದ ವಹಿವಾಟು ನಡೆಯುವುದು ಹೀಗೆ. ನ್ಯೂಟನ್ ಇದನ್ನು ಬರೀ ಮಾತಿನಲ್ಲಿ ಬಿಡಲಿಲ್ಲ. ಗಾಜು, ಉಕ್ಕು, ಬೆಂಡು, ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳನ್ನು ದಾರಕ್ಕೆ ತೂಗುಬಿಟ್ಟು ಒಂದಕ್ಕೊಂದು ಬಡಿಸಿ ಅಳೆದ. ಗಾಳಿ ತಡೆದ ಪಾಲನ್ನೂ ಲೆಕ್ಕದಲ್ಲಿ ಕಳೆದ.

ಇಲ್ಲಿ ಎಲ್ಲರಿಗೂ ಏಳುವ ಅನುಮಾನ ಒಂದಿದೆ. ಕುದುರೆ ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿ ಕುದುರೆಯನ್ನು ಹಿಂದಕ್ಕೆ ಎಳೆದರೆ ಎರಡೂ ವಜಾ ಆಗಿ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲವೇ? ಇಲ್ಲ. ಆ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ಬಿದ್ದಿವೆ. ನನ್ನ ಖರ್ಚು ನಿಮ್ಮ ಜಮಾವನ್ನು ಅಳಿಸುವುದಿಲ್ಲ, ಪುಸ್ತಕಗಳು ಬೇರೆ. ಗಾಡಿ ಮುಂದೆ ಹೋಗುತ್ತದೆಯೇ ಎಂದು ತಿಳಿಯಲು ಗಾಡಿಯ ಪುಸ್ತಕವನ್ನು ಮಾತ್ರ ತೆರೆಯಬೇಕು: ಮುಂದಕ್ಕೆ ಕುದುರೆಯ ಎಳೆತ, ಹಿಂದಕ್ಕೆ ಗಾಲಿಯ ಘರ್ಷಣೆ. ಎಳೆತ ಹೆಚ್ಚಿದರೆ ನಿಂತ ಗಾಡಿ ಹೊರಡುತ್ತದೆ. ಇನ್ನು ಕುದುರೆಯ ಪುಸ್ತಕ: ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಕುದುರೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳು ಗಾಡಿಯ ಹಿಂದೆಳೆತಕ್ಕಿಂತ ದೊಡ್ಡದಾದರೆ ಕುದುರೆಯೂ ಮುಂದೆ. ಜಾರುವ ಮಂಜುಗಡ್ಡೆಯ ಮೇಲೆ ಗೊರಸಿಗೆ ಹಿಡಿತ ಸಿಗದು, ಆಗ ಎಂಥ ಜಾತಿಕುದುರೆಯೂ ನಿಂತಲ್ಲೇ ಕಾಲು ಬಡಿಯುತ್ತದೆ. ನಾವು ನಡೆಯುವುದೂ ಹೀಗೆಯೇ, ನಮ್ಮನ್ನು ಮುಂದಕ್ಕೆ ತಳ್ಳುವುದು ನೆಲ.

ಹಾಗಾದರೆ ರಾಕೆಟ್?

ರಾಕೆಟ್ ಒದೆಯಲು ನೆಲವೂ ಇಲ್ಲ, ಗಾಳಿಯೂ ಇಲ್ಲ. ಅಮೆರಿಕದ ರಾಬರ್ಟ್ ಗೊಡಾರ್ಡ್ ರಾಕೆಟ್ ಚಂದ್ರನವರೆಗೂ ಹೋಗಬಲ್ಲದು ಎಂದಾಗ 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಗೇಲಿ ಮಾಡಿತ್ತು. ನಿರ್ವಾತದಲ್ಲಿ ಒತ್ತಲು ಏನಾದರೂ ಬೇಡವೇ, ಹೈಸ್ಕೂಲಿನ ಪಾಠವೂ ಈತನಿಗೆ ಗೊತ್ತಿಲ್ಲವೇ ಎಂಬುದು ಅದರ ಧಾಟಿ. 1969ರ ಜುಲೈ 17ರಂದು, ಅಪೋಲೋ-11 ಚಂದ್ರನ ಹಾದಿಯಲ್ಲಿದ್ದಾಗ, ಪತ್ರಿಕೆ ತಪ್ಪೊಪ್ಪಿಗೆ ಪ್ರಕಟಿಸಿತು. ಗೊಡಾರ್ಡ್ 1945ರಲ್ಲೇ ತೀರಿಕೊಂಡಿದ್ದ.

ರಾಕೆಟ್ ಒದೆಯುವುದು ತನ್ನದೇ ಹೊಗೆಯನ್ನು. ಇಂಧನ ಉರಿದು ಹುಟ್ಟಿದ ಅನಿಲವನ್ನು ರಾಕೆಟ್ ಹಿಂದಕ್ಕೆ ಭಾರೀ ವೇಗದಲ್ಲಿ ಎಸೆಯುತ್ತದೆ, ಆ ಅನಿಲ ರಾಕೆಟನ್ನು ಮುಂದಕ್ಕೆ ತಳ್ಳುತ್ತದೆ. ಬಾಯಿ ಕಟ್ಟದೆ ಬಿಟ್ಟ ಬಲೂನ್ ಕೋಣೆಯ ತುಂಬ ಹಾರಾಡುವುದು ಇದೇ ಕಾರಣಕ್ಕೆ. ಗಾಳಿ ಇಲ್ಲದಿದ್ದರೆ ರಾಕೆಟ್ಟಿಗೆ ಇನ್ನೂ ಅನುಕೂಲ, ಎದುರಿನಿಂದ ತಡೆಯುವವರಿಲ್ಲ. ಅನಿಲ ಹಿಂದಕ್ಕೆ ಒಯ್ದ ಸಂವೇಗವೂ ರಾಕೆಟ್ ಮುಂದಕ್ಕೆ ಪಡೆದ ಸಂವೇಗವೂ ತಾಳೆಯಾಗುತ್ತವೆ.

ವಾಯೇಜರ್‌ಗೆ ಇಷ್ಟೊಂದು ವೇಗ ಬಂದದ್ದು ರಾಕೆಟ್ಟೊಂದರಿಂದಲೇ ಅಲ್ಲ. 1979ರಲ್ಲಿ ಗುರುಗ್ರಹದ ಪಕ್ಕದಲ್ಲಿ, 1980ರಲ್ಲಿ ಶನಿಯ ಪಕ್ಕದಲ್ಲಿ ಹಾದುಹೋಗುವಾಗ ಅವುಗಳ ಸೆಳೆತದಿಂದ ವೇಗ ಗಳಿಸಿಕೊಂಡಿತು. ಸೂರ್ಯನ ಸುತ್ತ ಓಡುತ್ತಿರುವ ಗ್ರಹ ಪಕ್ಕದಲ್ಲಿ ಬಂದ ನೌಕೆಯನ್ನು ತನ್ನ ಜೊತೆಗೆ ಎಳೆದುಕೊಂಡು ಎಸೆದಂತೆ. ಇಲ್ಲಿಯೂ ಪುಕ್ಕಟೆ ಏನಿಲ್ಲ. ನೌಕೆ ಪಡೆದಷ್ಟೇ ಸಂವೇಗವನ್ನು ಗುರು ಕಳೆದುಕೊಂಡಿತು. ಆದರೆ ನೌಕೆ ಸುಮಾರು 800 ಕಿಲೋ, ಗುರುವಿನ ದ್ರವ್ಯರಾಶಿ ಬರೆಯಲು 19ರ ಮುಂದೆ 26 ಸೊನ್ನೆ ಇಡಬೇಕು. ಅಷ್ಟು ದೊಡ್ಡ ಸಾಹುಕಾರನ ಖಾತೆಯಲ್ಲಿ ಈ ಖರ್ಚು ಯಾವ ಉಪಕರಣಕ್ಕೂ ಕಾಣದು.

ಎಲ್ಲಿಯವರೆಗೆ ನಡೆಯುತ್ತದೆ?

ಈ ನಿಯಮಗಳಿಗೂ ಗಡಿಯುಂಟು. ವೇಗ ಬೆಳಕಿನ ವೇಗದ ಹತ್ತಿರಕ್ಕೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಅಲ್ಲಿ 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸಾಪೇಕ್ಷತೆ ಬೇಕು. ಪರಮಾಣುವಿನ ಒಳಗೆ ಇಳಿದರೆ ಕ್ವಾಂಟಮ್ ನಿಯಮಗಳು ಬೇಕು. ವಾಯೇಜರಿನ 17 ಕಿಲೋಮೀಟರ್ ಬೆಳಕಿನ ವೇಗದ ಹದಿನೇಳು ಸಾವಿರದಲ್ಲೊಂದು ಪಾಲು. ಬಸ್ಸಿಗೆ, ಸೇತುವೆಗೆ, ಕ್ರಿಕೆಟ್ ಚೆಂಡಿಗೆ ಐನ್‌ಸ್ಟೈನನನ್ನು ಕರೆಯಬೇಕಾಗಿಲ್ಲ.

ಅಚ್ಚಿನ ಖರ್ಚು

1684ರ ಆಗಸ್ಟಿನಲ್ಲಿ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್‌ಗೆ ಒಂದು ಪ್ರಶ್ನೆ ಹಾಕಿದ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತ ಹೋಗುವುದಾದರೆ ಗ್ರಹ ಸಾಗುವ ಹಾದಿ ಯಾವ ಆಕಾರದ್ದು? ದೀರ್ಘವೃತ್ತ ಎಂದು ನ್ಯೂಟನ್ ಉತ್ತರಿಸಿದ, ತಾನು ಅದನ್ನು ಲೆಕ್ಕ ಹಾಕಿದ್ದಾಗಿಯೂ ಹೇಳಿದ. ಲೆಕ್ಕದ ಹಾಳೆ ಎಲ್ಲಿ ಎಂದರೆ ಸಿಗಲಿಲ್ಲ. ಮತ್ತೆ ಬರೆದು ಕಳಿಸುತ್ತೇನೆಂದು ಕೂತವನು ಬರೆಯುತ್ತ ಹೋದದ್ದು ‘ಪ್ರಿನ್ಸಿಪಿಯಾ’ ಎಂಬ ಮಹಾಗ್ರಂಥವಾಯಿತು. ಮೂರು ನಿಯಮಗಳು ಅದರ ಆರಂಭದಲ್ಲೇ ಇವೆ.

ಅಚ್ಚು ಹಾಕಿಸಬೇಕಾಗಿದ್ದ ರಾಯಲ್ ಸೊಸೈಟಿ ಎಂಬ ಲಂಡನ್ನಿನ ವಿಜ್ಞಾನಿಗಳ ಸಂಘದ ಗಂಟು ಅಷ್ಟರಲ್ಲಿ ಕರಗಿತ್ತು. ಮೀನುಗಳ ಕುರಿತ, ಚಿತ್ರಗಳಿಂದ ತುಂಬಿದ ದುಬಾರಿ ಪುಸ್ತಕವೊಂದನ್ನು ಅದು 1686ರಲ್ಲಿ ತಂದಿತ್ತು, ಕೊಳ್ಳುವವರು ಬರಲಿಲ್ಲ. ಪ್ರಿನ್ಸಿಪಿಯಾದ ಖರ್ಚನ್ನು ಹ್ಯಾಲಿ ತನ್ನ ಕೈಯಿಂದ ಹಾಕಿದ. 1687ರ ಜುಲೈ 5ರಂದು ಪುಸ್ತಕ ಹೊರಬಂತು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಹ್ಯಾಲಿಗೆ ಬರಬೇಕಾಗಿದ್ದ ಸಂಬಳವೂ ನಗದಾಗಿ ಸಿಗಲಿಲ್ಲ. ಅದರ ಬದಲು, ಮಾರಾಟವಾಗದೆ ಉಳಿದಿದ್ದ ಆ ಮೀನಿನ ಪುಸ್ತಕದ ಪ್ರತಿಗಳನ್ನೇ ಕೊಟ್ಟು ಸೊಸೈಟಿ ಲೆಕ್ಕ ಚುಕ್ತಾ ಮಾಡಿತು.